ಎಡಗೈಗೊಂದು ಚಿಲಕ

ಬಂದರಿನ ಒಣಮೀನಿನ ಗೋದಾಮಿಗೆ ಎದುರು
ಮೋನಬ್ಬನವರ ಅಂಗಡಿ. ಹೊರಗೆ ಬೋರ್ಡಿಲ್ಲ.
ಒಳಗೆ ಉಕ್ಕಿನ ಕಪಾಟು, ಎರಡು ಬೀಗ,
ಊಟದ ಪಂಕ್ತಿಗೆ ಕಾದವರ ಹಾಗೆ
ಗೋಡೆಗೆ ಆತು ನಿಂತ ಆರು ರೈಫಲು.

"ಎಂತ ಹೊಡೀಲಿಕ್ಕೆ ಉಂಟು ನಿಮಗೆ?"
ಕಾಗದ, ಎಂದೆ. ಮುನ್ನೂರು ಮೀಟರ್ ಆಚೆಯ ಕಾಗದ.
"ಕಾಗದಕ್ಕೆ ಇಷ್ಟು ಖರ್ಚಾ ಮಾರಾಯ್ತಿ!"
ನಕ್ಕರು. ನಗುವಾಗಲೂ ಕಣ್ಣು ನನ್ನ ಕೈಮೇಲೆ.

ನಾನು ಕಂಡ ಬೇಟೆ ಬೋನಮಾಮನದು ಮಾತ್ರ.
ಶಿರ್ವದ ಗದ್ದೆಯಂಚಲ್ಲಿ ಹಂದಿ ಕಾಯಲು
ಒಂಟಿ ನಳಿಗೆಯ ಕೋವಿ, ಬೆಳೆರಕ್ಷಣೆಯ ಲೈಸೆನ್ಸು.
ಹೊಡೆದದ್ದಕ್ಕಿಂತ ಕಾದದ್ದೇ ಹೆಚ್ಚು.
ಚುನಾವಣೆ ಬಂತೆಂದರೆ ಕೋವಿಗೆ ಠಾಣೆವಾಸ,
ಮರಳುವಾಗ ಕುತ್ತಿಗೆಗೆ ಚೀಟಿ, ಮೈತುಂಬ ತುಕ್ಕು.
ತಲೆಗೆ ಹಚ್ಚಿ ಉಳಿದ ತೆಂಗಿನೆಣ್ಣೆಯನ್ನು
ಮಾಮ ಅದಕ್ಕೆ ತಿಕ್ಕುತ್ತಿದ್ದರು.
ಒಂದು ರಾತ್ರಿ ಹುಲ್ಲು ಅಲ್ಲಾಡಿತು, ಹೊಡೆದರು.
ಬೆಳಗ್ಗೆ ಹೋಗಿ ನೋಡಿದರೆ
ಕಾರ್ಮಿನ್ ಬಾಯಿಯ ಕರು.
ಆಮೇಲೆ ನನಗೆ ಕಲಿಸಿದ ಪಾಠ ಇಷ್ಟೆ:
ನೋಡು. ನೋಡಿ ಆಯಿತು ಅನ್ನಿಸಿದಾಗ
ಇನ್ನೊಮ್ಮೆ ನೋಡು.

ಮೋನಬ್ಬ ಒಂದೊಂದಾಗಿ ಕೈಗಿಡುತ್ತಾರೆ.
ಇದರ ಹಿಡಿ ಅಸಲು ಮರದ್ದು, ನೋಡಲು ಚಂದ,
ಆದರೆ ಆಟಿಯಲ್ಲಿ ನೀರು ಕುಡಿದು ಉಬ್ಬಿ
ನಳಿಗೆಯನ್ನು ಒತ್ತುತ್ತದೆ,
ನಿನ್ನೆ ಬಿದ್ದಲ್ಲಿ ಇವತ್ತು ಗುಂಡು ಬೀಳುವುದಿಲ್ಲ.
ಅದು ಹಗುರ, ಗುಡ್ಡ ಹತ್ತುವವರಿಗೆ.
"ನೀವು ಹತ್ತುವುದುಂಟಾ? ಕವುಚಿ ಮಲಗುವವರು.
ನಿಮಗೆ ಭಾರ ಬೇಕು,
ನಿಮ್ಮ ಉಸಿರನ್ನು ಸಹಿಸುವಷ್ಟು ಭಾರ.
ಮತ್ತೆ ರೈಫಲಿಗೆ ಕೊಟ್ಟಷ್ಟೇ ದುರ್ಬೀನಿಗೂ ಕೊಡಿ,
ಕುರುಡನ ಕೈಯಲ್ಲಿ ಚಿನ್ನ ಇದ್ದು ಏನು?"

ಸರಿ. ಆದರೆ ಆರಕ್ಕೆ ಆರರದ್ದೂ ಚಿಲಕ ಬಲಕ್ಕೆ.

ನಾನು ಎಡಚಿ.
ಅಮ್ಮನ ಅನ್ನದ ಸೌಟಿಗೆ ನನ್ನ ಎಡಗೈ ಗೆಣ್ಣು ಗೊತ್ತು.
ಎಡಗೈಯಲ್ಲಿ ಶಿಲುಬೆಯ ಗುರುತು ಮಾಡಿ
ಇಡೀ ಒಂದು ಪಿರಿಯಡ್ಡು ಬೆಂಚಿನ ಮೇಲೆ ನಿಂತವಳು.
ಎಡಗೈ ಚಾಚಿದ ನೋಟನ್ನು ಮೀನಿನವಳೂ ಮುಟ್ಟಲಿಲ್ಲ,
ಬುಟ್ಟಿಯ ಅಂಚಿಗೆ ಇಡಿಸಿಕೊಂಡಳು.
ಈಗ ಕೆಂಪುಕಲ್ಲಿನ ಹಳೇ ಕೋರೆಯಲ್ಲಿ ಮಲಗಿ
ಕ್ಲಬ್ಬಿನ ರೈಫಲಿನ ಮೇಲಿಂದ ಈ ಕೈ
ದುರ್ಬೀನು ದಾಟಿ ಆಚೆ ಹೋಗಿ ಚಿಲಕ ಹುಡುಕಬೇಕು.
ಅಷ್ಟರಲ್ಲಿ ಕೆನ್ನೆ ಏಳುತ್ತದೆ,
ಕೆನ್ನೆ ಎದ್ದರೆ ಆ ಕಾಗದ ಮತ್ತೆ
ಮುನ್ನೂರು ಮೀಟರ್ ಆಚೆಗೆ ಹೋಗುತ್ತದೆ.

ಮೋನಬ್ಬ ಸುಮ್ಮನೆ ಕೂತರು. ಬೀಡಿ ಹಚ್ಚಲಿಲ್ಲ.
ಒಳಗೆ ಹೋಗಿ ಉದ್ದದ ಪೆಟ್ಟಿಗೆ ತಂದರು.
"ಉಳ್ಳಾಲದ ಕಡೆ ಒಂದು ಹಂಚಿನ ಕಾರ್ಖಾನೆ ಇತ್ತು,
ಅದರ ಮ್ಯಾನೇಜರು ತರಿಸಿದ್ದು.
ಲೈಸೆನ್ಸಿನ ಕಾಗದ ಬರುವ ಮೊದಲೇ ಎದೆ ನಿಂತಿತು.
ಹನ್ನೊಂದು ಮಳೆಗಾಲ ನಾನೇ ಎಣ್ಣೆ ಹಾಕಿದ್ದೇನೆ."

ಎತ್ತಿದೆ. ಕೈ ನನ್ನನ್ನು ಕೇಳದೆ ಜಾಗಕ್ಕೆ ಹೋಯಿತು.
ಎಡಕ್ಕಿತ್ತು ಚಿಲಕ. ಎತ್ತಿ, ಎಳೆದು, ದೂಡಿ, ಇಳಿಸಿದೆ:
ಮಲಗಿದವರನ್ನು ಎಬ್ಬಿಸದೆ
ಬಾಗಿಲು ಹಾಕಿಕೊಂಡು ಹೋದವರ ಸದ್ದು.

ಅವರು ಇದನ್ನು ಮುಟ್ಟಿದ್ದರಾ?
"ಒಂದೇ ಸಲ. ನೀವು ನಿಂತಲ್ಲೇ. ಬಾಯಿ ಬಿಟ್ಟು ನಕ್ಕಿದ್ದರು."

ಬೆಲೆ ಕೇಳಿದೆ. ಕೇಳಿದ ಮೇಲೆ
ಅಷ್ಟು ಹೊತ್ತು ಇಲ್ಲದ ಒಣಮೀನಿನ ವಾಸನೆ
ಒಮ್ಮೆಗೇ ಮೂಗಿಗೆ ಬಂತು.
ಸ್ಕೂಟರು ಮಾರಬೇಕು, ಸೊಸೈಟಿಯಲ್ಲಿ ಸಾಲ ಕೇಳಬೇಕು,
ಅಮ್ಮನಿಗೆ ಏನು ಹೇಳುವುದೆಂದು ಯೋಚಿಸಬೇಕು.
"ಹಣ ನಾಳೆಗೆ," ಎಂದರು, "ಅರ್ಜಿ ಇವತ್ತೇ."
ಹೆಸರು ಬರೆದೆ, ವಿಳಾಸ ಬರೆದೆ,
ಉದ್ದೇಶದ ಎದುರು ಕ್ರೀಡೆ ಎಂದು ಬರೆದೆ.
ಕೊನೆಯ ಚೌಕದಲ್ಲಿ ಅಚ್ಚಾಗಿತ್ತು:
ಎಡ ಹೆಬ್ಬೆರಳಿನ ಗುರುತು.
ಮೋನಬ್ಬ ಶಾಯಿಪೆಟ್ಟಿಗೆ ತೆರೆದು ಹೇಳಿದರು,
"ಎಡಗೈ ಕೊಡಿ."

ನಲವತ್ತೊಂದು ವರ್ಷಕ್ಕೆ.

ಹೊರಗೆ ಬಂದರೆ ಪಡುಗಾಳಿ ಎದ್ದಿತ್ತು.
ಶಾಯಿ ಆರಲೆಂದು ಹೆಬ್ಬೆರಳು ಎತ್ತಿ ಹಿಡಿದೆ,
ಯಾವ ಮಗ್ಗುಲು ಮೊದಲು ತಣ್ಣಗಾಗುತ್ತದೆ,
ನೋಡಿದೆ. ಇನ್ನೊಮ್ಮೆ ನೋಡಿದೆ.