ಹಿಂದಿನವರ ಹಿಟ್ಟು

ಗಿರಣಿಯಲ್ಲೊಂದು ನಿಯಮವುಂಟು, ಬರೆದು ತೂಗುಹಾಕಿದ್ದಲ್ಲ:
ನಿಮ್ಮ ಹಿಟ್ಟಿನ ಮೊದಲ ಹಿಡಿ ನಿಮ್ಮದಲ್ಲ,
ಹಿಂದಿನವರದು.
ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಸೊಂಡಿಲಿನ ಮಡಿಕೆಯಲ್ಲಿ
ಕೂತಿದ್ದು ಉದುರುತ್ತದೆ.
ನಿಮ್ಮ ಕೊನೆಯ ಹಿಡಿಯೂ ಹಾಗೇ,
ಮುಂದಿನವರ ಡಬ್ಬಕ್ಕೆ.

ನನಗಾಗ ಹತ್ತು ವರ್ಷ.
ಬೈಲಕುಪ್ಪೆಯ ಕಾಡು ಸವರಿ ಕ್ಯಾಂಪು ಎದ್ದ ಹೊಸತು.
ಅಪ್ಪನ ಡೀಸೆಲ್ ಎಂಜಿನ್ನು ಕೆಮ್ಮಿ ಕೆಮ್ಮಿ
ಉಸಿರು ಹಿಡಿಯುವ ಹೊತ್ತಿಗೆ ಬಾಗಿಲಲ್ಲೊಬ್ಬ ಹೆಂಗಸು:
ಸೊಂಟಕ್ಕೆ ಪಟ್ಟೆಪಟ್ಟೆ ಬಟ್ಟೆ, ಬೆವರಿಗೆ ತೊಯ್ದ ಉಣ್ಣೆ,
ಕಂಕುಳಲ್ಲಿ ಚೀಲ.
'ತ್ಸಂಪಾ' ಅಂದಳು.
ಅಪ್ಪನಿಗೆ ಕೇಳಿಸಿದ್ದು ಸಂಪಿಗೆ.
ಹಿತ್ತಲಿಗೆ ಕರೆದೊಯ್ದು ಮರ ತೋರಿಸಿದ.
'ಹೂವ ಬುಡಕೆ ಇನ್ನೂ ಎರಡ್ ತಿಂಗ್ಳದೆ ಕಣಮ್ಮ.'
ಅವಳು ಮರ ನೋಡಿದಳು, ಅಪ್ಪನನ್ನು ನೋಡಿದಳು,
ಚೀಲದ ಬಾಯಿ ಬಿಚ್ಚಿದಳು.

ರೇಷನ್ನಿನ ಮುಸುಕಿನ ಜೋಳ, ಮರಳಲ್ಲಿ ಹುರಿದದ್ದು.
ಘಮಕ್ಕೆ ಇಡೀ ಸರತಿ ಕತ್ತು ತಿರುಗಿಸಿತು.

ನಿಂಗಾಜಮ್ಮ ಮಾತ್ರ ಮೂಗಿಗೆ ಸೆರಗು ಹಿಡಿದು,
'ಅವ್ರು ಏನೇನ್ ತಿಂದಾರೋ ಏನೋ,
ನನ್ ರಾಗಿಗೆ ಅದು ಬೆರೆಯಾದ್ ಬ್ಯಾಡ' ಅಂದಳು.
ಹಾಗಾಗಿ ಹೊಸಬಳ ಪಾಳಿ ಕಟ್ಟಕಡೆಗೆ,
ಎಂಜಿನ್ ಆರಿಸುವ ಮುಂಚೆ.
ಸಂಜೆಯ ಕಡೆ ಹಿಡಿ ಬೆಳಗಿನ ಮೊದಲಿನವರಿಗೆ ಬೀಳುತ್ತದೆ,
ಅಪ್ಪನಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದನೋ.
ಬೆಳಗ್ಗೆ ದಿನಾ ಮೊದಲು ಬರುತ್ತಿದ್ದವಳು
ನಿಂಗಾಜಮ್ಮ.
'ಈ ಸಲದ್ ಮುದ್ದೆ ಘಂ ಅಂತದೆ, ಯಾವ್ ಹೊಲದ್ ರಾಗಿ?'
ಅಂದನಂತೆ ಅವಳ ಗಂಡ.
ಅವಳೇ ಬಂದು ಹೆಮ್ಮೆಯಿಂದ ಹೇಳಿದಳು.

ಹೆಸರು ಛೋಕಿ. ಊರ ಬಾಯಲ್ಲಿ ಚೋಕಮ್ಮ.
ಅನ್ನ ಉಂಡರೆ ಗಾಳಿ ಉಂಡ ಹಾಗೆ, ಅನ್ನುತ್ತಿದ್ದಳು ಕೈಸನ್ನೆಯಲ್ಲಿ.
ಹುಣಸೆಯ ಸಾರಿಗೆ ಒಂದು ಕಣ್ಣು ತಾನಾಗೇ ಮುಚ್ಚುತ್ತಿತ್ತು.
ನಮ್ಮ ಜಗಲಿಯಲ್ಲಿ ಮೊದಲ ಮುದ್ದೆ ಅಗಿದು ಅಗಿದು
ದವಡೆಗೆ ಮೆತ್ತಿ ಮಾತೇ ನಿಂತಾಗ
ಅವ್ವ ತನ್ನ ಗಂಟಲು ಮುಟ್ಟಿ ತೋರಿಸಿದಳು:
'ಅಗೀಬ್ಯಾಡ. ನುಂಗು.'
ನುಂಗಿದಳು. ಕಣ್ಣಲ್ಲಿ ನೀರು.
ಖಾರಕ್ಕೋ, ಬೇರೆಯದಕ್ಕೋ, ನಾವು ಕೇಳಲಿಲ್ಲ.

ಬೆಲ್ಲದ ಟೀ ಕೊಟ್ಟರೆ
ಮಡಿಲಿಂದ ಪೊಟ್ಟಣ ತೆಗೆದು, ನಾವು ನೋಡದಾಗ,
ಒಂದು ಚಿಟಿಕೆ ಉಪ್ಪು.
ಅವ್ವ ನೋಡಿದಳು.
ಮಾರನೆಯ ದಿನದಿಂದ ಅವಳ ಲೋಟಕ್ಕೆ ಬೆಲ್ಲವಿಲ್ಲ,
ಪಕ್ಕದಲ್ಲಿ ಉಪ್ಪಿನ ಮರಿಗೆ, ಬೆರಳಲ್ಲಿ ಒಂದಿಷ್ಟು ಬೆಣ್ಣೆ.
ಅಪ್ಪ ಒಮ್ಮೆ ಕುಡಿದು ನೋಡಿ
ಹೊರಗೆ ಹೋಗಿ ಉಗಿದು ಬಂದ.

ಜೋಳ ಸಿಗದ ವರ್ಷ ರಾಗಿ ಹುರಿದು ತಂದಳು.
'ಅಯ್ಯ, ಇದು ನಮ್ ಹುರಿಟ್ಟು ಕಣೇ!' ಅವ್ವನಿಗೆ ಸಂಭ್ರಮ.
ಚೋಕಮ್ಮ ಆ ಕಪ್ಪು ಹಿಟ್ಟನ್ನು ಅಂಗೈಯಲ್ಲಿಟ್ಟುಕೊಂಡು
ಬಹಳ ಹೊತ್ತು ನೋಡಿದಳು.
ಅವರ ಕಡೆಯದು ಬೆಳ್ಳಗಂತೆ.
ಆಮೇಲೆ ಟೀ ಸುರಿದು, ಬಟ್ಟಲಲ್ಲೇ ಬೆರಳಾಡಿಸಿ ನಾದಿ,
ಉಂಡೆ ಹಿಡಿದು ಮೊದಲನೆಯದನ್ನು
ನನ್ನ ಬಾಯಿಗಿಟ್ಟಳು.
ನಾನು ಅಗಿಯದೆ ನುಂಗಿಬಿಟ್ಟೆ.
ಅವಳು ಹೊಟ್ಟೆ ಹಿಡಿದು ನಕ್ಕಳು.

ಈಗ ಗಿರಣಿ ಕರೆಂಟಿನದು. ಸಂಪಿಗೆ ಮರವಿಲ್ಲ,
ಅಲ್ಲಿ ಮೊಮ್ಮಗನ ಬೈಕು ನಿಲ್ಲುತ್ತದೆ.
ಹೋದ ತಿಂಗಳು ಅವಳ ಮೊಮ್ಮಗ ನೊರ್ಬು ಬಂದಿದ್ದ,
ಲಡಾಖಿನಿಂದ ತರಿಸಿದ ಬಾರ್ಲಿ, ನಿಜದ್ದು.
'ಅಜ್ಜಿ ಏನೂ ತಿಂತಿಲ್ಲ ಅಣ್ಣ. ಏನೂ ಬೆರೀಬಾರದು.'
ಒಂದು ಪಾವು ಅಕ್ಕಿ ಹಾಕಿ ಕಲ್ಲು ತೊಳೆಸಿದೆ.
ಸೊಂಡಿಲು ಬಿಚ್ಚಿ ಗೋಡೆಗೆ ಬಡಿದೆ.
ಹಾಲಿನಂಥ ಹಿಟ್ಟು ಬಿತ್ತು.

ನಿನ್ನೆ ಉಳಿದರ್ಧ ಬಾರ್ಲಿ ಹಿಡಿದು ಮತ್ತೆ ಬಂದ.
ಬೆರಳಿಗೆ ಹಚ್ಚಿಕೊಂಡು ನೆಕ್ಕಿ ಕೇಳಿದಳಂತೆ:
'ಯಾರ ಹಿಂದೆ ಬೀಸಿಸಿದೆ?'
'ಯಾರ ಹಿಂದೂ ಅಲ್ಲ ಅಜ್ಜಿ.'
'ಅದಕ್ಕೇ' ಅಂದು ಮಗ್ಗುಲಾದಳಂತೆ.

ಗಿರಣಿ ಖಾಲಿ ಇತ್ತು. ಸ್ವಿಚ್ಚಿನ ಮೇಲೆ ಕೈಯಿತ್ತು.
ತೆಗೆದೆ.
'ನಿಂಗಾಜಮ್ಮನ ಸೊಸೆ ರಾಗಿ ತರ್ತಾಳೆ,
ನಿಂತ್ಕೊ' ಅಂದೆ.