ಶರಾ

ಫೆಬ್ರುವರಿಯಿಂದ ಏಪ್ರಿಲ್ ತನಕ
ನಮ್ಮ ಆಫೀಸಿನಲ್ಲಿ ಮೋಡ ಅನ್ನುವುದು ಬೈಗುಳ.
ವಿಜಯಪುರದಿಂದ ಪಡುವಣಕ್ಕೆ ಹದಿನೇಳು ಶೆಡ್ಡು,
ಒಂದೊಂದರಲ್ಲಿ ಅಂತಸ್ತಿನ ಮೇಲೆ ಅಂತಸ್ತು ಜಾಳಿಗೆ,
ಎಣ್ಣೆ ಮಿಂದ ಹಸಿರು ದ್ರಾಕ್ಷಿ ಅದರ ಮೇಲೆ ಮಲಗಿ
ಹದಿನೈದು ದಿನ ಬರೀ ಗಾಳಿ ಕುಡಿದು
ಮನುಕ ಆಗಬೇಕು.
ನಡುವೆ ನಾಲ್ಕು ಹನಿ ಬಿದ್ದರೆ ಕಪ್ಪು,
ಕಪ್ಪಾದರೆ ಅರ್ಧ ರೇಟು.

ಅಂಥಲ್ಲಿ ಕಲ್ಲನಗೌಡರ ಮಗಳು ಹುಬ್ಬಳ್ಳಿಯಿಂದ ಬಂದು
"ಇನ್ನ ಮ್ಯಾಲೆ ಎಲ್ಲಾ ಲೆಕ್ಕ ಕ್ಲೌಡಿಗೆ ಹಾಕೋಣು" ಅಂದಾಗ
ತೂಕದ ಸಿದರಾಯ ಎದ್ದು ಹೊರಗೆ ಹೋಗಿ
ಆಕಾಶ ನೋಡಿಕೊಂಡು ಬಂದ.
ನಗಲಿಲ್ಲ.

ಹಾಕಿದೆವು.
ಮೊದಮೊದಲು ಅದೂ ಒಂದು ವಹಿಯೇ, ಬೆನ್ನಿಗೆ ದಾರ ಇಲ್ಲದ್ದು.
ನಾನು ಹಾಳೆಯಲ್ಲಿ ಬರೆದು, ಆಮೇಲೆ ಅದರಲ್ಲಿ ಏರಿಸಿ,
ಪ್ರಿಂಟು ತೆಗೆದು, ತೂತು ಹೊಡೆದು, ಫೈಲಿಗೆ ಸೇರಿಸಿ,
ಆ ಫೈಲಿನ ಫೋಟೋ ತೆಗೆದು ಗೌಡರಿಗೆ ಕಳಿಸುವುದು.
ಒಂದು ಕೆಲಸ ಉಳಿಸಲು ನಾಲ್ಕು ಕೆಲಸ ಮಾಡಿ
ಸುಧಾರಿಸಿದೆವೆಂದು ಚಹಾ ಕುಡಿಯುವುದು.

ಒಂದು ಮಧ್ಯಾಹ್ನ ನಾನು ಬರೆಯುತ್ತಿದ್ದ ಸಾಲಿನಲ್ಲೇ
ಬದನೆ ಬಣ್ಣದ ಗೆರೆಯೊಂದು ಮಿಟುಕಿತು.
ಕಾಟಾದ ಹತ್ತಿರ ನಿಂತ ಸಿದರಾಯ:
೪೧೨ ಅಂತ ಬರೆದ,
ತಡೆದ,
ಅಳಿಸಿ ೪೨೧ ಮಾಡಿದ.
ಇಪ್ಪತ್ತು ವರ್ಷ ಜೊತೆಗೆ ದುಡಿದರೂ
ಅವನು ಅನುಮಾನಪಡುವುದನ್ನು ನಾನು ನೋಡಿದ್ದು ಅಂದೇ.

ಹಾಳೆಯ ಕಟ್ಟಕಡೆಗೆ 'ಶರಾ' ಎಂಬ ಕಾಲಮ್ಮು.
ಹಳೇ ವಹಿಯಿಂದ ನಡೆದು ಬಂದದ್ದು,
ಯಾರೂ ಏನೂ ಬರೆಯದ ಸಾಲುಮನೆ.

ಮಾರ್ಚ್ ಒಂಬತ್ತು.
ಹೊನವಾಡದ ಶೆಡ್ಡಿನಲ್ಲಿ ಥಾವರಿಬಾಯಿ
ಏಳು ಹೆಂಗಸರ ಜೊತೆ ತಾಡಪತ್ರಿ ಎಳೆದು ಕಟ್ಟಿ,
ಮಗಳ ಮೊಬೈಲಿನಲ್ಲಿ ನಮ್ಮ ಹಾಳೆ ತೆರೆದು,
ತಿಕೋಟಾದವರು ಕಾಣಲಿ ಅಂತ
ಆ ಖಾಲಿ ಮನೆಯ ಮೇಲೆ ಬೆರಳೊತ್ತಿದಳಂತೆ.
ಅದು ಒಪ್ಪಲಿಲ್ಲ. ನೋಡಲು ಮಾತ್ರ ಅನುಮತಿ.
ಆಳುಗಳು ಒತ್ತಬಾರದ್ದು ಒತ್ತಿಯಾರು ಅಂತ
ಹಾಗೆ ಇಟ್ಟವಳು ನಾನೇ.
ಮೂರು ಸಲ ಫೋನು ಮಾಡಿದಳು.
ಗೌಡರು ರೊಕ್ಕ ಎಣಿಸುತ್ತಿದ್ದರು, ನನ್ನ ಫೋನಿನ ಬಾಯಿ ಮುಚ್ಚಿತ್ತು.
ಮಳೆ ಬಂದದ್ದು ಹನ್ನೊಂದೇ ನಿಮಿಷ.
ತಿಕೋಟಾದಲ್ಲಿ ನಾಲ್ಕು ಸಾಲು ಕಪ್ಪಾಯಿತು.

ಸಂಜೆ ಟೆಂಪೋದಿಂದ ಇಳಿದು ಬಂದು
ಬಾಗಿಲಲ್ಲೇ ನಿಂತು ಕೇಳಿದಳು:
"ಕಂಡದ್ದು ಬರಿಯಾಕ ಬರಾಂಗಿಲ್ಲ ಅಂದ್ರ
ಯಾಕ ತೋರಸ್ತೀರಿ ಶಮೀಮಕ್ಕಾ?"
ನೀರು ಕೊಟ್ಟೆ. ಕುಡಿದಳು.
ಉತ್ತರ ಕೊಡಲಿಲ್ಲ.

ರಾತ್ರಿ ಹನ್ನೊಂದು ಇಪ್ಪತ್ತಕ್ಕೆ, ಮನೆಯಲ್ಲಿ,
ಮಕ್ಕಳು ಮಲಗಿದ ಮೇಲೆ,
ಯಾರನ್ನೂ ಕೇಳದೆ
ಹದಿನೇಳು ಶೆಡ್ಡಿಗೂ ಬರೆಯುವ ಹಕ್ಕು ಕೊಟ್ಟೆ.
ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳಲಾರೆ.

ಮರುದಿನ ಬೆಳಿಗ್ಗೆ ನೋಡಿದರೆ
ಒಂದೂ ಅಂಕಿ ಅಲ್ಲಾಡಿರಲಿಲ್ಲ.
ಆರು ನಲವತ್ತೊಂದಕ್ಕೆ ಒಂದೇ ಒಂದು ತಿದ್ದುಪಡಿ:
ಕೂಲಿಪಟ್ಟಿಯ ಹದಿನಾಲ್ಕನೇ ಸಾಲು,
ನಾನು 'ತಾವರಿ' ಅಂತ ಹೊಡೆದಿದ್ದು 'ಥಾವರಿ' ಆಗಿತ್ತು.
ಪಕ್ಕದಲ್ಲಿ ಮಗಳ ಟಿಪ್ಪಣಿ:
ಅವ್ವನ ಹೆಸರಾಗ ಮಹಾಪ್ರಾಣ ಐತ್ರಿ.

ಇಪ್ಪತ್ತೆರಡಕ್ಕೆ ಮತ್ತೆ ಏರಿ ಬಂತು.
ನಾವು ಕಂಡದ್ದು ಕಿಟಕಿಯಿಂದಲ್ಲ.
ಹೊನವಾಡ: ಮಾಡ ಏರೇತಿ, ಕರ್ರಗ.
ತಿಕೋಟಾ: ಮುಚ್ಚಾಕತ್ತೀವಿ.
ತೊರವಿ: ಹಗ್ಗ ಸಾಲವಲ್ದು, ಯಾರರ ಕಳಸ್ರಿ.
ಸಿದರಾಯ ಆಗಲೇ ಹಗ್ಗದ ಸುರುಳಿ ಹೆಗಲಿಗೇರಿಸಿ
ಬೈಕು ಒದೆಯುತ್ತಿದ್ದ.
ಸಾಲಿನಿಂದ ಸಾಲಿಗೆ ಬಣ್ಣಬಣ್ಣದ ಗೆರೆಗಳು
ಇರುವೆ ಹಾಗೆ ಓಡಿದವು.
ಗಾಳಿಯೂ ಅಷ್ಟು ಬೇಗ ತೊರವಿ ಮುಟ್ಟಿರಲಿಲ್ಲ.

ಸಂಜೆ ಗೌಡರು ಕನ್ನಡಕ ಏರಿಸಿ ಕೇಳಿದರು,
"ಇವ್ರಿಗೆಲ್ಲಾ ಬರಿಯಾಕ ಕೊಟ್ಟವ್ರು ಯಾರು?"
ಹಳೇ ವಹಿಯಾದರೆ ಹಾಳೆ ಹರಿಯಬಹುದಿತ್ತು.
ಇದರಲ್ಲಿ ನನ್ನ ಹೆಸರಿದೆ, ತಾರೀಖಿದೆ,
ಹನ್ನೊಂದು ಇಪ್ಪತ್ತು ಅಂತಲೂ ಇದೆ.
ಪರದೆಯನ್ನು ಅವರ ಕಡೆ ತಿರುಗಿಸಿದೆ.

ಓದುತ್ತಾ ಓದುತ್ತಾ ಅವರು
ಆಫೀಸಿನ ಸಾಲಿನ ಕೊನೆಗೆ ಬಂದು, ಒಂದೇ ಬೆರಳಿನಲ್ಲಿ,
ಅಕ್ಷರ ಹುಡುಕಿ ಹುಡುಕಿ, ಶರಾ ಮನೆಯಲ್ಲಿ ಕುಟ್ಟಿದರು:
ತೊರವಿಗೆ ಹೊಸಾ ಹಗ್ಗ.