ತಿಪ್ಪಮ್ಮನ ಲೆಕ್ಕ

ನನಗಿಂತ ಮೊದಲಿನವೆರಡೂ ಉಳಿಯಲಿಲ್ಲವಂತೆ.
ಇದಾದರೂ ಉಳಿಯಲಿ ಅಂತ ಅಜ್ಜಿ
ತಿಪ್ಪೆ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡಳು.
ಅದಕ್ಕೇ ತಿಪ್ಪಮ್ಮ.

ಆಗಿನ ತಿಪ್ಪೆಯೇ ಬೇರೆ. ಸಗಣಿ, ಬೂದಿ, ಬಾಳೆಸಿಪ್ಪೆ,
ಹರಿದ ಈಚಲು ಚಾಪೆ, ಏನು ಹಾಕಿದರೂ ತಿಂದು
ಯುಗಾದಿ ಹೊತ್ತಿಗೆ ಕರಿಮಣ್ಣು ಮಾಡಿ ಕೊಡುತ್ತಿತ್ತು.
ದೀಪಾವಳಿಗೆ ಅದರ ನೆತ್ತಿಗೊಂದು ಹಣತೆ.

ಈಗ ನನ್ನ ಕೆಲಸ ಶಿವಮೊಗ್ಗದ ಛತ್ರಗಳ ಹಿಂಬಾಗಿಲು.
ಹತ್ತೊಂಬತ್ತು ವರ್ಷದಲ್ಲಿ ಮುಂಬಾಗಿಲಿಂದ
ಒಂದು ಮದುವೆಯನ್ನೂ ನೋಡಿದವಳಲ್ಲ. ಆದರೂ ಹೇಳಬಲ್ಲೆ
ಯಾವ ಪಲ್ಯ ಸೀದಿತ್ತು,
ಎಷ್ಟು ಹೋಳಿಗೆಗೆ ಒಂದೇ ಕಡಿತ.
ನೀರಿನ ಬಾಟಲಿ, ಎರಡು ಗುಟುಕು ಕುಡಿದು ಬಿಟ್ಟದ್ದು,
ಮುಚ್ಚಳವನ್ನೇ ತೆಗೆಯದ್ದು,
ಒಂದು ಮುಹೂರ್ತಕ್ಕೆ ಹನ್ನೊಂದು ಚೀಲ.
ಗೋಡೆಯಾಚೆ ತುಂಗೆ, ಕೇಳಿಸುವಷ್ಟು ಹತ್ತಿರ.
ಢಬ್ ಅಂತ ಹಾರಿಸುವ ಮಿಂಚು ಕಾಗದ ಇದೆಯಲ್ಲ,
ಅದು ಪೊರಕೆಗೆ ಬಗ್ಗುವುದಿಲ್ಲ. ಕಲ್ಲಿನ ಸಂದಿಯಿಂದ
ಉಗುರಲ್ಲಿ ಕೀಳಬೇಕು. ಮನೆಗೆ ಬಂದರೆ
ನನ್ನ ತಲೆಯಲ್ಲೂ ನಾಲ್ಕು ಚೂರು. ಮಗಳು ಹೆಕ್ಕಿ ನಗುತ್ತಾಳೆ:
"ನಿನಗೂ ಅಕ್ಷತೆ ಬಿತ್ತಲ್ಲವ್ವ."

ಈಗ ಅವಳದೇ ಮದುವೆ. ರೋಜಾ,
ಮಾಚೇನಹಳ್ಳಿ ಗಾರ್ಮೆಂಟ್ಸಲ್ಲಿ ಕಾಲರ್ ಹೊಲಿಯುವವಳು.
ಗಂಡು ಹೊಳೆಹೊನ್ನೂರಿನವನು, ಟೈರಿಗೆ ಪಂಚರ್ ಹಾಕುತ್ತಾನೆ.
ನನಗೆ ಅಕ್ಷರ ಬಾರದು. ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ
ನಾನು ಹೇಳಿದೆ, ಅವಳು ಬರೆದಳು:
ಮುತ್ತುಗದ ಎಲೆ, ಮುನ್ನೂರು.
ಸ್ಟೀಲ್ ಲೋಟ, ಸಂಘದಿಂದ ಬಾಡಿಗೆ; ಕಳೆದರೆ ಒಂದಕ್ಕೆ ನಲವತ್ತು.
ಹಂಡೆ ನೀರಿಗೆ ಲಾವಂಚ.
ಚಪ್ಪರಕ್ಕೆ ತೆಂಗಿನ ಗರಿ, ಮಾವಿನ ಸೊಪ್ಪು,
ಕಟ್ಟುವುದಕ್ಕೆ ಸೆಣಬಿನ ಹುರಿ, ತಂತಿ ಬೇಡ.
ಸೇವಂತಿಗೆ, ಬಾಳೆನಾರಲ್ಲಿ ಕಟ್ಟಿದ್ದು ಮಾತ್ರ.
ಮಿಕ್ಕ ಅನ್ನಕ್ಕೆ ಹಂದಿ ಸಾಕುವ ಯಂಕಟೇಶಿ ಬರುತ್ತಾನೆ.
ಎಲ್ಲದರ ಮೇಲೆ ಒಂದು ಸಾಲು, ದಪ್ಪಗೆ ಬರೀ ಅಂದೆ:
ತಿಪ್ಪೆ ತಿನ್ನದ್ದು ಮದುವೆಗೆ ಬರಬಾರದು.

ಬೀಗಿತ್ತಿ ಫೋನಲ್ಲೇ ಮುಖ ಊದಿಸಿಕೊಂಡಳು.
"ಲೋಟಾನಾ? ಗತಿ ಇಲ್ಲದವರು ಅಂತಾರೆ."
ವಿನೋಬನಗರದ ಡಾಕ್ಟರ ಮಗಳದ್ದೂ ಹೀಗೇ ಆಗಿತ್ತು,
ಬಿದಿರಿನ ಮಂಟಪ, ಮಣ್ಣಿನ ಕುಡಿಕೆ, ಬೀಜ ಹುದುಗಿಸಿದ ಲಗ್ನಪತ್ರಿಕೆ.
ಪೇಪರಲ್ಲಿ ಫೋಟೋ ಬಂತು, ಪರಿಸರಸ್ನೇಹಿ ಅಂತ.
ಪತ್ರಿಕೆಯೊಂದು ಚರಂಡಿ ಅಂಚಲ್ಲಿ ಬಿದ್ದು ಮೊಳೆತಿತ್ತು,
ಎರಡೆಲೆಯ ಚೆಂಡುಹೂವು. ಮೂರು ದಿನ
ಪೊರಕೆಯನ್ನು ಸುತ್ತು ಬಳಸಿ ಆಡಿಸಿದೆ.
ಅವರ ಕುಡಿಕೆಗೆ ಆ ಹೆಸರು, ನಮ್ಮ ಲೋಟಕ್ಕೆ ಈ ಹೆಸರು.
ಇರಲಿ. ಹೆಸರನ್ನು ನಾನು ಗುಡಿಸಬೇಕಾಗಿಲ್ಲ.

ಪಟ್ಟಿ ಮಡಿಸುವಾಗ ರೋಜಾ ಅಂದಳು,
"ಎಲ್ಲಾ ಸರಿ. ನನಗೊಂದು ಫ್ಲೆಕ್ಸ್ ಬೇಕವ್ವ."

ನಮ್ಮ ಬಚ್ಚಲಿಗೆ ಮಾಡಿಲ್ಲ, ಫ್ಲೆಕ್ಸೇ ಮಾಡು.
ಆರು ಮಳೆಗಾಲದ ಹಿಂದೆ ಗೋಪಾಳದ ಛತ್ರದಿಂದ
ನಾನೇ ಸುತ್ತಿ ಹೊತ್ತು ತಂದದ್ದು.
ಯಾರೋ ಭಾರ್ಗವ, ಯಾರೋ ಸಿಂಚನ; ಹೆಸರು ಇವಳೇ ಓದಿ ಹೇಳಿದ್ದು.
ಮೇಲಿಂದ ಬಗ್ಗಿ ನಗುತ್ತಾರೆ.
ಅವರ ನಗುವಿನ ಕೆಳಗೆ ಇವಳು ಮಿಂದು ದೊಡ್ಡವಳಾದಳು.
"ಆರು ವರ್ಷ ಅವರ ಮುಖ ನೋಡಿದ್ದೀನಿ.
ನನ್ನ ಮುಖ ಒಂದಿನ ನಾಕು ಜನ ನೋಡಲಿ."

ಫ್ಲೆಕ್ಸ್ ಕೊಳೆಯುವುದಿಲ್ಲ. ಸುಟ್ಟರೆ ಗಂಟಲು ಕಟ್ಟುತ್ತದೆ.
ಇದು ನನಗಿಂತ ಚೆನ್ನಾಗಿ ಈ ಊರಲ್ಲಿ ಯಾರಿಗೆ ಗೊತ್ತು?
ಬಾಯಿಗೆ ಬಂದ ಮಾತು ನುಂಗಿ
ಎದ್ದು ಬಚ್ಚಲಿಗೆ ಹೋದೆ.
ಸಿಂಚನಳ ಕೆನ್ನೆ ಹತ್ತಿರ ಹರಿದಿದೆ,
ಹರಿದಲ್ಲಿ ಒಂದು ಚುಕ್ಕಿ.
ಗಳುವಿನಿಂದ ಗಳುವಿಗೆ ಮೊಳ ಹಾಕಿದೆ, ಎರಡು ಸಲ.

ಬಂದು ಅಂದೆ: ಕೊನೇಲಿ ಬರೀ.
ಫ್ಲೆಕ್ಸ್, ಒಂದು. ಎಂಟಡಿಗೆ ಆರಡಿ.
"ಇದ್ಯಾವ ಅಳತೆ?" ಅಂದಳು.
ಬರೀ ಸುಮ್ಮನೆ.
ಮಳೆ ಹಿಡಿಯೋ ಮುಂಚೆ ಮದುವೆ ಆಗಬೇಕು.